ಎರಡು ಬ್ರೇಕಿನ ಕಾರು

“ಯಾರ ಕೆಲಸ ಇರಬಹುದು ಇದು?”

ಮೇಷ್ಟ್ರು ಕೇಳಿದ್ದು ಯಾರನ್ನೂ ಅಲ್ಲ. ಕಾರನ್ನು ಗ್ಯಾರೇಜಿನೊಳಗೆ ತಂದು ನಿಲ್ಲಿಸಿ, ಇಂಜಿನ್ ಆರಿಸಿ, ಸ್ಟೀರಿಂಗ್ ಮೇಲಿನ ಕೈ ತೆಗೆಯದೆ ಎದುರಿನ ಗಾಜನ್ನು ನೋಡುತ್ತ ಕೇಳಿದರು. ಗಾಜು ಉತ್ತರ ಕೊಡಲಿಲ್ಲ. ಬಾಗಿಲ ಬಳಿ ನಿಂತು ಕೇಳಿಸಿಕೊಂಡ ಮಿಸ್ತ್ರಿಯೂ ಕೊಡಲಿಲ್ಲ.

ಊರಿನಲ್ಲಿ ಅವನನ್ನು ಕಿವಿ ಮಿಸ್ತ್ರಿ ಎನ್ನುತ್ತಾರೆ. ಕಿವಿ ದೊಡ್ಡದೇನಲ್ಲ. ಯಾವ ಗಾಡಿ ಬಂದರೂ ಬಿಚ್ಚುವ ಮೊದಲು ಒಬ್ಬನೇ ಒಂದು ಸುತ್ತು ಓಡಿಸಿ ಕೇಳುತ್ತಾನೆ. ಪಕ್ಕದಲ್ಲಿ ಯಾರನ್ನೂ ಕೂರಿಸಿಕೊಳ್ಳುವುದಿಲ್ಲ. ಮನುಷ್ಯರ ಮಾತು ಗಾಡಿಯ ಮಾತಿಗೆ ಅಡ್ಡ ಎನ್ನುತ್ತಾನೆ. ಅವನ ಅಪ್ಪ ಬೆಳಬೆಳಗ್ಗೆ ಗಟ್ಟಿಯಾಗಿ ಪದ್ಯ ಹೇಳುತ್ತಿದ್ದವನು. ನಡುವೆ ಬೇಕೆಂದೇ ಛಂದಸ್ಸಿನ ಒಂದು ಮಾತ್ರೆ ನುಂಗಿ, ಮಗ ಹಿಡಿಯುತ್ತಾನೋ ಇಲ್ಲವೋ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಮಗ ಹಿಡಿಯುತ್ತಿದ್ದ. ಪದ್ಯಗಳಲ್ಲಿ ಅರ್ಧಕ್ಕರ್ಧ ಈಗ ಮರೆತಿವೆ. ಕಿವಿ ಮಾತ್ರ ಮರೆತಿಲ್ಲ.

ಕಾರು ಡ್ರೈವಿಂಗ್ ಶಾಲೆಯದು. ಅದರಲ್ಲಿ ಪೆಡಲುಗಳು ಎರಡೆರಡು: ಓಡಿಸುವವರ ಕಾಲಿಗೆ ಒಂದಿಷ್ಟು, ಪಕ್ಕದ ಸೀಟಿನಲ್ಲಿ ಕೂತು ಕಲಿಸುವವರ ಕಾಲಿಗೆ ಇನ್ನೊಂದಿಷ್ಟು. ಪಕ್ಕದ ಬ್ರೇಕ್ ಒತ್ತಿದರೆ ನಡುವಿನ ಸರಳಿನಿಂದಾಗಿ ಓಡಿಸುವವರ ಬ್ರೇಕೂ ತಾನಾಗಿ ಕೆಳಗಿಳಿಯುತ್ತದೆ. ಬೆಳಗ್ಗೆ ಆ ಸೀಟಿನಲ್ಲಿ ಮೇಷ್ಟ್ರು ಕೂರುತ್ತಾರೆ, ಮಧ್ಯಾಹ್ನ ಅವರ ತಂಗಿ. ಶಾಲೆ ಅವರಪ್ಪ ಕಟ್ಟಿದ್ದು. ಕೀಲಿ ಮಾತ್ರ ಅಣ್ಣನ ಜೇಬಿನಲ್ಲಿರುತ್ತದೆ.

“ನಾಲ್ಕು ತಿಂಗಳ ಹಿಂದೆ ಬ್ರೇಕ್ ಡಿಸ್ಕ್ ಹಾಕಿದ್ದು ನೀನೇ ಅಲ್ವಾ?” ಮೇಷ್ಟ್ರು ಕೆಳಗಿಳಿದರು.

“ನಾನೇ.”

“ಹೊಸವೇ ತಾನೆ?”

“ಡಬ್ಬ ನಿಮ್ಮೆದುರಿಗೇ ಒಡೆದೆನಲ್ಲ ಮೇಷ್ಟ್ರೇ.”

“ಡಬ್ಬ ಹೊಸದಿತ್ತು, ಒಪ್ಪಿದೆ. ಒಳಗಿದ್ದದ್ದು?”

ಮಿಸ್ತ್ರಿ ಬಟ್ಟೆ ತೆಗೆದುಕೊಂಡು ಕೈ ಒರೆಸಿಕೊಂಡ.

“ನೋಡು, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು! ಕೈ ಯಾಕೆ ಒರೆಸ್ಕೋತೀಯ?”

“ಗ್ರೀಸ್ ಆಗಿದೆ, ಅದಕ್ಕೆ.”

ಹಿಂದಿನ ಸೀಟಿನಿಂದ ತಂಗಿ ಇಳಿದಳು. ಹನ್ನೊಂದು ವರ್ಷದಿಂದ ಮಧ್ಯಾಹ್ನದ ಹೆಂಗಸರ ತರಗತಿ ಅವಳದು. “ಪೂರ್ತಿ ಹೇಳಣ್ಣ,” ಎಂದಳು. “ಬೆಳಗ್ಗೆ ತಿಂಡಿ ತಿನ್ನುವಾಗ ನಂಗೆ ಹೇಳಿದ್ದನ್ನ ಅವರಿಗೂ ಹೇಳು. ಮಿಸ್ತ್ರಿಗೂ ಗೊತ್ತಾಗ್ಲಿ, ಅವರ ಬಾಯಿಂದ ಏನು ಬರಬೇಕು ಅಂತ.”

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ಬ್ರೇಕ್ ಒತ್ತಿದ್ರೆ ಸ್ಟೀರಿಂಗ್ ನಡುಗ್ತದೆ. ಡಿಸ್ಕ್ ಕೆಟ್ಟದ್ದಾಗಿದ್ರೆ ಅದು ನಿನ್ನ ತಲೆಗೆ. ಇಲ್ಲ, ಮಧ್ಯಾಹ್ನದೋರು ತುಳಿದು ತುಳಿದು ಹಾಳು ಮಾಡಿದ್ದಾರೆ ಅಂತಾದ್ರೆ, ಸೋಮವಾರದಿಂದ ಮಧ್ಯಾಹ್ನದ ತರಗತಿಯೂ ನಾನೇ ತಗೋತೀನಿ. ಇವಳು ಆಫೀಸಲ್ಲಿ ಕೂತು ಅರ್ಜಿ ತುಂಬಲಿ.”

“ನಿಮ್ಮ ಬೆಳಗಿನೋರು?” ಮಿಸ್ತ್ರಿ ಕೇಳಿದ.

“ಬೆಳಗ್ಗೆ ನಾನಿರ್ತೀನಲ್ಲ.”

ಇದಕ್ಕಿಂತ ಹೆಚ್ಚಿನ ವಿವರಣೆ ಬೇಕೆಂದು ಮೇಷ್ಟ್ರಿಗೆ ಅನ್ನಿಸಲಿಲ್ಲ.

ಮಿಸ್ತ್ರಿ ಒಬ್ಬನೇ ಕಾರು ತೆಗೆದುಕೊಂಡು ಹೊರಟ. ಗೋದಾಮುಗಳ ಹಿಂದಿನ ಖಾಲಿ ರಸ್ತೆಯಲ್ಲಿ ವೇಗ ಏರಿಸಿದ. ಅರವತ್ತು ದಾಟಿದರೂ ಸ್ಟೀರಿಂಗ್ ಮಗುವಿನ ಹಾಗೆ ಸುಮ್ಮನಿತ್ತು. ಹಾಗಾದರೆ ದೋಷ ಚಕ್ರದ ತೂಕದ ಏರುಪೇರಿನದಲ್ಲ. ಅದಾಗಿದ್ದರೆ ಓಡುವಾಗಲೇ ನಡುಗಬೇಕಿತ್ತು. ಬ್ರೇಕ್ ಒತ್ತಿದ. ಸ್ಟೀರಿಂಗ್ ಎರಡೂ ಅಂಗೈಗಳ ನಡುವೆ ಎಡಕ್ಕೂ ಬಲಕ್ಕೂ ಬಡಿದುಕೊಂಡಿತು. ವೇಗ ಇಳಿದಂತೆ ಬಡಿತದ ತಾಳವೂ ಇಳಿಯಿತು. ಚಕ್ರದ ಒಂದು ಸುತ್ತಿಗೆ ಒಂದು ಪೆಟ್ಟು, ಲೆಕ್ಕ ತಪ್ಪದೆ. ಮತ್ತೆ ವೇಗ ಏರಿಸಿ ಈ ಸಲ ಕೈಬ್ರೇಕನ್ನು ಮೆಲ್ಲಗೆ ಎಳೆದು ನೋಡಿದ. ಕೈಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ನಡುಕವಿಲ್ಲ. ಹಾಗಾದರೆ ರೋಗ ಮುಂದಿನ ಚಕ್ರಗಳ ಜೊತೆ ತಿರುಗುವ ಬ್ರೇಕ್ ಡಿಸ್ಕುಗಳಲ್ಲೇ ಇದೆ.

ಅದು ಅವನೇ ಹಾಕಿದ ಡಿಸ್ಕು. ವಾಪಸು ಬರುವಾಗ ಅವನಿಗೆ ತನ್ನ ಮೇಲೇ ಅನುಮಾನ ಹುಟ್ಟಿತು. ಅವತ್ತು ಗ್ಯಾರೇಜಿನಲ್ಲಿ ಇನ್ನೂ ಮೂರು ಗಾಡಿ ಕಾಯುತ್ತಿದ್ದವು. ಡಿಸ್ಕು ಕೂರುವ, ಚಕ್ರದ ನಡುಭಾಗದ ಹಬ್ಬಿನ ಮೈಯನ್ನು ಉಜ್ಜಿ ತುಕ್ಕು ತೆಗೆದಿದ್ದೆನೋ? ಅಲ್ಲಿ ಒಂದು ಚೂರು ತುಕ್ಕು ಉಳಿದರೂ ಡಿಸ್ಕು ಓರೆಯಾಗಿ ತಿರುಗುತ್ತದೆ. ಉಜ್ಜಿದ ನೆನಪೇನೋ ಇದೆ. ಆದರೆ ನೆನಪು ಯಜಮಾನನ ಕಡೆಗೇ ಸಾಕ್ಷಿ ಹೇಳುವ ಆಳು. ಅದನ್ನು ಎಷ್ಟು ನಂಬುವುದು?

ಕಾರನ್ನು ಮೇಲೆತ್ತುವ ಮೊದಲು ಎಂದಿನಂತೆ ದೇವರ ಹೆಸರು ಹೇಳಿಕೊಂಡ. ಈ ಸಲ ಎರಡು ಬಾರಿ.

ಅಣ್ಣ ಒಂದು ಮಗ್ಗುಲಲ್ಲಿ, ತಂಗಿ ಇನ್ನೊಂದು ಮಗ್ಗುಲಲ್ಲಿ ನಿಂತು ಅವನ ಕೈಯನ್ನೇ ಕಾಯುತ್ತಿದ್ದರು. ಚಕ್ರಗಳನ್ನು ಹಿಡಿದು ಅಲ್ಲಾಡಿಸಿದ, ಕೀಲುಗಳಲ್ಲಿ ಸಡಿಲವಿಲ್ಲ. ಚಕ್ರ ಬಿಚ್ಚಿದ. ಡಿಸ್ಕನ್ನು ಎರಡೂ ಕಡೆಯಿಂದ ಅಮುಕುವ ಬ್ರೇಕ್ ಪ್ಯಾಡುಗಳು ನಾಲ್ಕೇ ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸವೆದು, ಮೇಲ್ಮೈ ಗಾಜಿನಂತೆ ಹೊಳೆಯುತ್ತಿತ್ತು. ಡಿಸ್ಕುಗಳ ಮೇಲೆ ಅಲ್ಲಲ್ಲಿ ನೀಲಿ ಮಚ್ಚೆ. ಓರೆ ಅಳೆಯುವ ಮುಳ್ಳಿನ ಗೇಜನ್ನು ಡಿಸ್ಕಿಗೆ ತಾಗಿಸಿ ಮೆಲ್ಲಗೆ ತಿರುಗಿಸಿದ. ಮುಳ್ಳು ಕದಲಿತೋ ಇಲ್ಲವೋ ಎಂಬಷ್ಟು ಕದಲಿತು. ಡಿಸ್ಕು ಓರೆಯಾಗಿಲ್ಲ. ಡಿಸ್ಕು ಕಳಚಿ ನೋಡಿದ, ಹಬ್ಬು ಚೊಕ್ಕಟವಾಗಿದೆ. ಮಿಸ್ತ್ರಿ ಅಷ್ಟು ಹೊತ್ತು ಹಿಡಿದಿದ್ದ ಉಸಿರನ್ನು ಯಾರಿಗೂ ಗೊತ್ತಾಗದಂತೆ ಬಿಟ್ಟ.

“ಏನೋ ಬಿಟ್ಟೆ?” ಮೇಷ್ಟ್ರಿಗೆ ಗೊತ್ತಾಯಿತು.

“ಉಸಿರು.”

ಆಮೇಲೆ ಡಿಸ್ಕಿನ ದಪ್ಪವನ್ನು ಸುತ್ತಲೂ ಎಂಟು ಕಡೆ ಅಳೆದ. ಎಂಟೂ ಕಡೆ ಒಂದೇ ಇರಬೇಕಾದದ್ದು ಇರಲಿಲ್ಲ. ವ್ಯತ್ಯಾಸ ಕೂದಲೆಳೆಗಿಂತ ಕಡಿಮೆ. ಕಣ್ಣಿಗೆ ಕಾಣದು, ಬೆರಳಿಗೂ ಸಿಗದು. ಆದರೆ ದಪ್ಪದ ಜಾಗ ತಿರುಗಿ ಬಂದಾಗಲೆಲ್ಲ ಪ್ಯಾಡು ಒಂದು ಪೆಟ್ಟು ತಿನ್ನುತ್ತದೆ, ಆ ಪೆಟ್ಟು ಸ್ಟೀರಿಂಗಿಗೆ ಏರುತ್ತದೆ.

“ಡಿಸ್ಕು ಕೆಟ್ಟದ್ದಲ್ಲ, ಸುಟ್ಟದ್ದು,” ಎಂದ. “ಕಾವು ಜಾಸ್ತಿಯಾಗಿ ಪ್ಯಾಡಿನ ಪುಡಿ ಕರಗಿ ಅಲ್ಲಲ್ಲಿ ಅಂಟಿಕೊಂಡಿದೆ.”

“ಕಾವು ಯಾಕೆ ಬಂತು?” ತಂಗಿ ಕೇಳಿದಳು.

ಪ್ಯಾಡನ್ನು ಒತ್ತುವ ಭಾಗ ಎಲ್ಲಾದರೂ ಸಿಕ್ಕಿಕೊಂಡಿದೆಯೇ ಎಂದು ಮಿಸ್ತ್ರಿ ಆಡಿಸಿ ನೋಡಿದ. ಬೆಣ್ಣೆಯ ಹಾಗೆ ಜಾರಿತು. ಅದರದ್ದೂ ತಪ್ಪಿಲ್ಲ. ಉಳಿದದ್ದು ಒಂದೇ ಉತ್ತರ. ಹೇಳದೆ ಇರಬಹುದಿತ್ತು, ಆದರೆ ಕೇಳಿದ್ದಾಳೆ.

“ಯಾರೋ ಬ್ರೇಕ್ ಮೇಲೆ ಕಾಲಿಟ್ಕೊಂಡೇ ಗಾಡಿ ಓಡಿಸ್ತಿದ್ದಾರೆ. ಒತ್ತೋದಲ್ಲ. ಸುಮ್ನೆ ಇಟ್ಕೊಂಡಿರೋದು. ಅಷ್ಟೇ ಸಾಕು ಸುಡೋಕೆ.”

“ಕೇಳಿಸ್ತಾ?” ಮೇಷ್ಟ್ರು ತಂಗಿಯ ಕಡೆ ತಿರುಗಿದರು. “ಹೆದರುಪುಕ್ಕಲಿಯರು ನಿನ್ನ ಶಿಷ್ಯೆಯರು. ನಾನು ಹೇಳಿರಲಿಲ್ವಾ?”

“ನನ್ನ ಶಿಷ್ಯೆಯರು ಬ್ರೇಕ್ ಎಲ್ಲಿದೆ ಅಂತ ಹುಡುಕೋರು ಅಣ್ಣ! ಅದರ ಮೇಲೆ ಕಾಲಿಟ್ಕೊಂಡು ಕೂರೋವಷ್ಟು ಪರಿಚಯ ಆಗಿದ್ರೆ ಲೈಸೆನ್ಸೇ ಸಿಕ್ಕಿರ್ತಿತ್ತು.”

“ಕುಣಿಯಲಾರದವಳಿಗೆ ನೆಲ ಡೊಂಕು.”

“ನೆಲ ಅಪ್ಪಂದು. ನಾನೂ ಅಲ್ಲೇ ಹುಟ್ಟಿದ್ದು.”

ಮಿಸ್ತ್ರಿ ಬಗ್ಗಿ ಹಳೆಯ ಡಿಸ್ಕನ್ನು ಎತ್ತಿಕೊಂಡ. ಅವನ ಮನಸ್ಸೂ ಮಧ್ಯಾಹ್ನದ ಕಡೆಗೇ ವಾಲಿತ್ತು. ಹೊಸಬರು ಹೆದರುತ್ತಾರೆ, ಹೆದರಿದ ಕಾಲು ಬ್ರೇಕಿನ ಮೇಲೇ ಇರುತ್ತದೆ. ಆದರೆ ಬೆಳಗ್ಗೆ ಬರುವವರೂ ಹೊಸಬರೇ ಅಲ್ಲವೆ? “ಇವತ್ತು ಬುಧವಾರ. ಹೊಸದು ಹಾಕ್ತೀನಿ. ಆದ್ರೆ ಕಾರಣ ಸಿಗದೆ ಹಾಕಿದ್ರೆ ಇವೂ ನಾಲ್ಕು ತಿಂಗಳಿಗೆ ಹೀಗೇ ಬರ್ತವೆ. ಶನಿವಾರದ ಒಳಗೆ ಯಾರು ಅಂತ ಹೇಳ್ತೀನಿ.”

“ಹೇಗೆ?” ಇಬ್ಬರೂ ಒಟ್ಟಿಗೆ ಕೇಳಿದರು. ಆ ದಿನ ಇಬ್ಬರ ಬಾಯಲ್ಲೂ ಒಂದೇ ಮಾತು ಬಂದದ್ದು ಅದೊಂದೇ ಸಲ.

“ಹೇಳಿದ್ರೆ ಕಾಲು ಹುಷಾರಾಗ್ತದೆ.”

ಹಬ್ಬಿನ ಮೈಯನ್ನು ತಂತಿ ಬ್ರಷ್ಷಿನಲ್ಲಿ ಮತ್ತೆ ಬೆಳ್ಳಗೆ ಉಜ್ಜಿದ, ಇಬ್ಬರಿಗೂ ಕಾಣುವ ಹಾಗೆ. ಹೊಸ ಡಿಸ್ಕು, ಹೊಸ ಪ್ಯಾಡು ಹಾಕಿದ. ಚಕ್ರದ ಬೋಲ್ಟುಗಳನ್ನು ಒಂದರ ಪಕ್ಕದ ಇನ್ನೊಂದನ್ನಲ್ಲ, ಎದುರುಬದುರು ಹಿಡಿದು, ಬಿಗಿತ ಅಳೆಯುವ ಪಾನಾ ‘ಟಕ್’ ಎನ್ನುವವರೆಗೆ ಬಿಗಿದ. ಆಮೇಲೆ ಖಾಲಿ ರಸ್ತೆಯಲ್ಲಿ ಇಪ್ಪತ್ತು ಸಲ ಮೆಲ್ಲಗೆ ಬ್ರೇಕ್ ಹಿಡಿದು, ಹಿಡಿದು ಬಿಟ್ಟು, ಪ್ಯಾಡಿಗೂ ಡಿಸ್ಕಿಗೂ ಪರಿಚಯ ಮಾಡಿಸಿದ. ಸ್ಟೀರಿಂಗ್ ನಡುಗಲಿಲ್ಲ.

ಗುರುವಾರ ಮಧ್ಯಾಹ್ನ ತಂಗಿಯ ತರಗತಿಯ ಹಿಂದೆ ಮಿಸ್ತ್ರಿ ಸ್ಕೂಟರಿನಲ್ಲಿ ಹೊರಟ. ಅವನ ಉಪಾಯ ದೊಡ್ಡದೇನಲ್ಲ. ಎರಡರಲ್ಲಿ ಯಾವ ಬ್ರೇಕಿನ ಮೇಲೆ ಯಾರ ಕಾಲು ಬಿದ್ದರೂ ಕಾರಿನ ಹಿಂಬದಿಯ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಒಳಗಿರುವವರಿಗೆ ಅದು ಕಾಣುವುದಿಲ್ಲ. ಹಿಂದಿರುವವರಿಗೆಲ್ಲ ಕಾಣುತ್ತದೆ.

ಓಡಿಸುತ್ತಿದ್ದವಳು ಔಷಧಿ ಅಂಗಡಿಯ ಹೆಂಗಸು. ಉಬ್ಬು ಬಂದಾಗ ದೀಪ ಹೊತ್ತಿತು, ಆರಿತು. ನಾಯಿ ಅಡ್ಡ ಬಂದಾಗ ಹೊತ್ತಿತು, ಕಾರು ಗಕ್ಕೆಂದು ನಿಂತಿತು, ಇಂಜಿನ್ ಆರಿತು, ನಾಯಿ ತಿರುಗಿ ನೋಡಿ ಹೋಯಿತು. ನೇರ ರಸ್ತೆಯಲ್ಲಿ ದೀಪ ಇಲ್ಲ. ತಿರುವಿನಲ್ಲಿ ಇದೆ. ಮಿಸ್ತ್ರಿ ಪದ್ಯದ ಮಾತ್ರೆ ಎಣಿಸುವ ಹಾಗೆ ಎಣಿಸುತ್ತಲೇ ಇದ್ದ. ಮೂರನೆಯ ತಿರುವಿನ ಆಚೆ ಕಾರು ರಸ್ತೆಯ ಅಂಚಿಗೆ ನಿಂತಿತು. ತಂಗಿ ಇಳಿದು ನೇರವಾಗಿ ಅವನ ಹತ್ತಿರ ಬಂದಳು.

“ಹಿಂದೆ ಯಾಕೆ ಬರ್ತಿದ್ದೀರಿ?”

“ಸುಮ್ನೆ ಅಕ್ಕಾವ್ರೇ.”

“ಮೂರು ತಿರುವಿನಿಂದ ಸುಮ್ನೆ? ಕನ್ನಡಿ ಇರೋದು ತಲೆ ಬಾಚ್ಕೊಳ್ಳೋಕೆ ಅಂದ್ಕೊಂಡ್ರಾ? ಅಣ್ಣ ಕಳಿಸಿದ್ನಾ?”

“ಯಾರೂ ಕಳಿಸಿಲ್ಲ.”

“ಹಾಗಾದ್ರೆ ಇನ್ನೂ ಕೆಟ್ಟದ್ದು.”

ಔಷಧಿ ಅಂಗಡಿಯವಳು ಕಿಟಕಿಯಿಂದ ತಲೆ ಹೊರಗೆ ಹಾಕಿದಳು. “ಮಿಸ್, ಯಾರದು? ಪೊಲೀಸಾ?”

“ಮಿಸ್ತ್ರಿ.”

“ಅಯ್ಯೋ, ಗಾಡಿ ಕೆಡೋಕೆ ಮೊದಲೇ ಹಿಂದೆ ಹಿಂದೆ ಬರ್ತಿದ್ದಾರಾ? ನಾನು ಓಡಿಸೋದು ಅಷ್ಟು ಚೆನ್ನಾಗಿದ್ಯಾ?”

ತಂಗಿಗೆ ನಗು ಬಂತು, ನುಂಗಿಕೊಂಡಳು. ದನಿ ತಗ್ಗಿಸಿ, “ನೀವಿಬ್ಬರೂ ಸೇರಿ ಮೊದಲೇ ಮಾತಾಡ್ಕೊಂಡಿದ್ರೆ ಈಗಲೇ ಹೇಳಿಬಿಡಿ,” ಎಂದಳು. “ನಾಲ್ಕು ಗೋಡೆ ನಡುವೆ ಅರ್ಜಿ ತುಂಬೋಕೆ ನಂಗೆ ಬರಲ್ಲ. ಈ ಸೀಟು ಹೋದ್ರೆ ನಂಗೆ ಬೇರೆ ಏನೂ ಇಲ್ಲ ಮಿಸ್ತ್ರಿ ಅವರೇ. ನಿಮಗೆ ಏನು ಕಾಣಿಸ್ತು? ಅದನ್ನಾದ್ರೂ ಹೇಳಿ.”

ಕಂಡದ್ದನ್ನು ಹೇಳಿದ್ದರೆ ಅವಳ ಜೀವ ಅಲ್ಲೇ ತಣ್ಣಗಾಗುತ್ತಿತ್ತು. ಆದರೆ ಅರ್ಧ ಪದ್ಯ ಕೇಳಿ ಛಂದಸ್ಸು ಹೇಳಬಾರದು ಎಂದು ಕಲಿತವನು ಅವನು. “ನಾಳೆ ಹೇಳ್ತೀನಿ,” ಎಂದ.

“ನಿಮ್ಮ ನಾಳೆ ಆದಮೇಲೆ ನನ್ನ ಸೋಮವಾರ,” ಎಂದು ಅವಳು ತಿರುಗಿದಳು. ಕಾರಿನ ಬಾಗಿಲು ಹಾಕಿಕೊಂಡ ಸದ್ದಿನಲ್ಲಿ ನಂಬಿಕೆ ಇರಲಿಲ್ಲ.

ಶುಕ್ರವಾರ ಬೆಳಗ್ಗೆ ಮೇಷ್ಟ್ರ ಸರದಿ. ಕಲಿಯುತ್ತಿದ್ದವನು ಬೇಕರಿಯ ಕೆಲಸಗಾರ, ಕೈಯೆಲ್ಲ ಸುಟ್ಟ ಗೀರುಗಳಿದ್ದ ಗಟ್ಟಿ ಆಳು. ಈ ಸಲ ಮಿಸ್ತ್ರಿ ನಡುವೆ ಎರಡು ಗಾಡಿ ಬಿಟ್ಟು ದೂರದಲ್ಲಿ ಬಂದ. ಶಾಲೆಯ ಗೇಟು ದಾಟುವಾಗ ಕೆಂಪು ದೀಪ ಹೊತ್ತಿತು. ಸಹಜ. ಮೊದಲ ತಿರುವು ಕಳೆಯಿತು, ದೀಪ ಆರಲಿಲ್ಲ. ನೇರ ರಸ್ತೆ ಬಂತು. ಖಾಲಿ ರಸ್ತೆ, ನಾಯಿಯೂ ಇಲ್ಲ. ದೀಪ ಹಾಗೇ ಇತ್ತು. ನಡುವಿನ ಗಾಡಿಯವನೊಬ್ಬ ಇದು ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಕಾದು ಕಾದು, ಕೊನೆಗೆ ಹಾರ್ನ್ ಬಾರಿಸಿ ಮುಂದೆ ಹೋದ.

ಬೇಕರಿಯವನು ಹೆದರಿದ್ದಾನೆ, ಅಷ್ಟೇ ಎಂದುಕೊಂಡ ಮಿಸ್ತ್ರಿ. ಆಮೇಲೆ ನೀರಿನ ಟ್ಯಾಂಕಿನ ಏರು ಬಂತು. ಕಾರು ಏದುಸಿರು ಬಿಡುತ್ತ ಏರತೊಡಗಿತು. ಗೇರು ಬದಲಾಯಿತು, ಇಂಜಿನ್ನಿನ ದನಿ ಇಳಿದು ಮತ್ತೆ ಏರಿದ್ದು ಅಷ್ಟು ದೂರಕ್ಕೂ ಕೇಳಿಸಿತು. ದೀಪ ಕೆಂಪಗೇ ಇತ್ತು. ಮಿಸ್ತ್ರಿ ಸ್ಕೂಟರಿನ ವೇಗ ತಗ್ಗಿಸಿದ. ಏರಿನಲ್ಲಿ ಗೇರು ಬದಲಾಯಿಸುವ ಹೊಸಬನಿಗೆ ಒಂದು ಕಾಲು ಕ್ಲಚ್ಚಿನ ಮೇಲೆ, ಇನ್ನೊಂದು ವೇಗ ಕೊಡುವ ಪೆಡಲಿನ ಮೇಲೆ. ದೇವರು ಕೊಟ್ಟದ್ದು ಎರಡೇ. ಹಾಗಾದರೆ ಬ್ರೇಕಿನ ಮೇಲಿರುವ ಮೂರನೆಯ ಕಾಲು ಯಾರದು?

ಅವನಿಗೆ ಮೊದಲು ಬಂದದ್ದು ನಾಚಿಕೆ. ಇಷ್ಟು ವರ್ಷ ಈ ಕಾರನ್ನು ಒಬ್ಬನೇ ಓಡಿಸಿ ನೋಡಿದ್ದಾನೆ. ಪಕ್ಕದಲ್ಲಿ ಮೇಷ್ಟ್ರನ್ನು ಒಂದು ಸಲ ಕೂರಿಸಿಕೊಂಡಿದ್ದರೆ ಸಾಕಿತ್ತು. ಪೆಡಲು ತಾನಾಗಿ ಇಳಿಯುವುದು ಕಾಲಿಗೆ ಸಿಗುತ್ತಿತ್ತು.

ಮಧ್ಯಾಹ್ನಕ್ಕೆ ಇಬ್ಬರನ್ನೂ ಕರೆಸಿದ. ಕಂಡದ್ದನ್ನು ಎರಡೇ ಮಾತಿನಲ್ಲಿ ಹೇಳಿದ.

ಮೇಷ್ಟ್ರು ನಕ್ಕರು. “ದೀಪದ ಸ್ವಿಚ್ ಕೆಟ್ಟಿರಬೇಕು.”

“ನಿನ್ನೆ ಮಧ್ಯಾಹ್ನ ಸರಿ ಇತ್ತು.”

“ಹಾಗಾದ್ರೆ ಬೇಕರಿಯವನು.”

“ಅವನಿಗೆ ಕಾಲು ಮೂರಿಲ್ಲ.”

ಮೇಷ್ಟ್ರ ನಗು ಹಾರಿತು. ಮಿಸ್ತ್ರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತಂಗಿಯನ್ನು ನೋಡಿ, ಮತ್ತೆ ಮಿಸ್ತ್ರಿಯನ್ನು ನೋಡಿದರು. “ನಿನ್ನೆ ಇವಳ ಜೊತೆ ರಸ್ತೇಲಿ ನಿಂತು ಮಾತಾಡ್ತಿದ್ದೆಯಂತೆ. ಏನು ಮಾತು? ಏನು ಕೊಟ್ಟಳು?”

“ಅಣ್ಣಾ!”

“ಬೈದ್ರು ಮೇಷ್ಟ್ರೇ. ಕೊಟ್ಟದ್ದು ಅಷ್ಟೇ,” ಎಂದು ಮಿಸ್ತ್ರಿ ಕಾರಿನ ಬಾಗಿಲು ತೆಗೆದ. ಕಾರು ಮೂತಿ ಹೊರಗೆ ಮಾಡಿ ನಿಂತಿತ್ತು; ಅದರ ಬೆನ್ನಿಗೆ ಸುಣ್ಣ ಬಳಿದ ಗೋಡೆ. “ನೀವು ನಿಮ್ಮ ಸೀಟಲ್ಲಿ ಕೂರಿ. ಅಕ್ಕಾವ್ರೇ, ನೀವು ಓಡಿಸೋ ಸೀಟಿಗೆ. ಎರಡೂ ಕಾಲು ಎತ್ತಿ ಚಕ್ಕಳಮಕ್ಕಳ ಹಾಕ್ಕೊಳ್ಳಿ.”

“ಕಾರಲ್ಲಿ?”

“ಕಾರಲ್ಲೇ.”

ಕೂತಳು. ಮಿಸ್ತ್ರಿ ಕಿಟಕಿಯಿಂದ ಕೈ ಹಾಕಿ ಗೇರು ತಪ್ಪಿಸಿ ಇಂಜಿನ್ ಚಾಲೂ ಮಾಡಿದ. “ಮೇಷ್ಟ್ರೇ, ಕಾಲು ಎಲ್ಲಿದೆ?”

“ಕೆಳಗೆ, ನೆಲದ ಮೇಲೆ. ಬೇಕಾದ್ರೆ ಬಗ್ಗಿ ನೋಡು.”

“ಬೇಡ. ನೀವು ಕನ್ನಡಿ ನೋಡ್ತಾ ಇರಿ, ಗೋಡೆ ಕಾಣೋ ಹಾಗೆ.”

ಕನ್ನಡಿಯಲ್ಲಿ ಗೋಡೆ ಬೆಳ್ಳಗಿತ್ತು. ಮೇಷ್ಟ್ರು ಗೆದ್ದವರಂತೆ ಗಲ್ಲ ಎತ್ತಿದರು.

“ಅಕ್ಕಾವ್ರೇ, ಸುಮ್ನೆ ಸ್ಟೀರಿಂಗ್ ಹಿಡೀರಿ.”

ಅವಳು ಹಿಡಿದಳು. ಗೋಡೆ ಕೆಂಪಾಯಿತು.

ಮೇಷ್ಟ್ರು ಕನ್ನಡಿಯಿಂದ ಕಣ್ಣು ಕಿತ್ತು ಕೆಳಗೆ ನೋಡಿದರು. ಅವರ ಬೂಟು ಬ್ರೇಕಿನ ಮೇಲಿತ್ತು, ಅಲ್ಲೇ ಹುಟ್ಟಿ ಬೆಳೆದದ್ದರ ಹಾಗೆ. ಬೆಂಕಿ ತಾಗಿದವರಂತೆ ಹಿಂದಕ್ಕೆ ಎಳೆದುಕೊಂಡರು. ಗೋಡೆ ಬೆಳ್ಳಗಾಯಿತು.

“ಇನ್ನೊಂದ್ಸಲ,” ಎಂದರು.

ಅವಳು ಕೈ ತೆಗೆದು ಮತ್ತೆ ಹಿಡಿದಳು. ಕೆಂಪು.

“ಇನ್ನೊಂದ್ಸಲ.” ಈ ಸಲ ಅವರು ಎರಡೂ ಕೈಯಿಂದ ತಮ್ಮ ಮೊಣಕಾಲನ್ನೇ ಅದುಮಿ ಹಿಡಿದಿದ್ದರು. ಆದರೂ ಗೋಡೆಯ ಮೇಲೆ ಕ್ಷಣ ಮಾತ್ರ ಒಂದು ಕೆಂಪು ಹಾದುಹೋಯಿತು.

“ಗಾಡಿ ಅಲ್ಲಾಡ್ತಾನೇ ಇಲ್ಲ ಅಣ್ಣ,” ತಂಗಿ ಮೆಲ್ಲಗೆ ಹೇಳಿದಳು. “ನಂಗೆ ಕಾಲೇ ಇಲ್ಲ ಈಗ. ಯಾವುದಕ್ಕೆ ಹೆದರಿದೆ?”

ಅವರು ಮಿಸ್ತ್ರಿಯ ಕಡೆ ತಿರುಗಿ ಕೇಳಿದರು: “ಎಷ್ಟು ಕಾಲದಿಂದ?”

“ನಾಲ್ಕು ತಿಂಗಳ ಹಿಂದೆ ತೆಗೆದ ಡಿಸ್ಕುಗಳೂ ಹೀಗೇ ನೀಲಿಯಾಗಿದ್ವು. ಸವೆದಿವೆ ಅಂದ್ಕೊಂಡು ಬದಲಾಯಿಸಿದೆ. ಯಾಕೆ ಅಂತ ಕೇಳಲಿಲ್ಲ. ಅದು ನನ್ನ ತಪ್ಪು ಮೇಷ್ಟ್ರೇ, ಒಪ್ಕೋತೀನಿ.”

ತನ್ನ ತಪ್ಪನ್ನು ತಾನೇ ಹೇಳಿಕೊಳ್ಳುವ ಮನುಷ್ಯನನ್ನು ಮೇಷ್ಟ್ರು ಅನುಮಾನದಿಂದಲೇ ನೋಡಿದರು. ಆಮೇಲೆ ಕಾರಿನಿಂದಿಳಿದು, ಗ್ಯಾರೇಜಿನ ಮೂಲೆಯ ಸ್ಟೂಲಿನ ಮೇಲೆ ಕೂತು, ಕಾಲುಗಳನ್ನು ಬೇರೆ ಯಾರವೋ ಎಂಬಂತೆ ಮುಂದೆ ಚಾಚಿಕೊಂಡರು. ಮಿಸ್ತ್ರಿ ಚಹಾ ತರಿಸಿದ. ಅವರು ಕುಡಿಯುವ ಮೊದಲು ಲೋಟದ ತಳ ನೋಡಿದರು.

ಎರಡೂವರೆಗೆ ಔಷಧಿ ಅಂಗಡಿಯ ಹೆಂಗಸು ತರಗತಿಗೆಂದು ಗ್ಯಾರೇಜಿಗೇ ಬಂದಳು. “ಮಿಸ್, ಇವತ್ತೂ ಮಿಸ್ತ್ರಿ ಹಿಂದೆ ಬರ್ತಾರಾ? ಅವರಿದ್ರೆ ನಂಗೆ ಧೈರ್ಯ.”

“ಇವತ್ತು ಯಾರೂ ಬರಲ್ಲ.” ತಂಗಿ ಅಣ್ಣನ ಎದುರು ಬಂದು ನಿಂತು ಕೈ ಚಾಚಿದಳು.

ಮೇಷ್ಟ್ರು ಕಾರಿನಿಂದ ಇಳಿಯುವಾಗ ಕಿತ್ತುಕೊಂಡು ಬಂದಿದ್ದ ಕೀಲಿಯನ್ನು ಜೇಬಿನಿಂದ ತೆಗೆದು ಅವಳ ಅಂಗೈಗೆ ಹಾಕಿದರು. “ಸೋಮವಾರದ ಮಾತು ಬಿಡು,” ಎಂದರು.

“ಬಿಟ್ಟೆ.”

ಔಷಧಿ ಅಂಗಡಿಯವಳು ಸ್ಟೀರಿಂಗ್ ಮುಂದೆ ಕೂತಳು. ತಂಗಿ ಪಕ್ಕದ ಸೀಟಿನಲ್ಲಿ ಕೂತು, ಚಪ್ಪಲಿ ಸರಿಮಾಡಿಕೊಂಡು, ಕಾಲನ್ನು ಪೆಡಲಿನಿಂದ ದೂರ, ನೆಲದ ಮೇಲೆ ಇಟ್ಟಳು. ಆಗ ಹಿಂದಿನ ಬಾಗಿಲು ತೆರೆದ ಸದ್ದಾಯಿತು. ಮೇಷ್ಟ್ರು ಒಳಗೆ ಬಂದು ಕೂತು, ಬಾಗಿಲನ್ನು ತೀರ ಮೆತ್ತಗೆ ಹಾಕಿಕೊಂಡರು.

“ಏನಣ್ಣ ಇದು?”

“ಹಿಂದೆ ಪೆಡಲ್ ಇಲ್ವಲ್ಲ. ನಾನೇನು ಮಾಡೋಕಾಗ್ತದೆ? ನೀನು ಕಾಲು ಹೇಗಿಟ್ಕೋತೀಯ ಅಂತ ನೋಡ್ತೀನಿ, ಅಷ್ಟೇ.”

“ಕಲಿಯೋಕಾ, ಕಾಯೋಕಾ?”

ಮೇಷ್ಟ್ರು ಕಿಟಕಿಯ ಹೊರಗೆ ನೋಡಿದರು. ಅವರಿಗೇ ಗೊತ್ತಿದ್ದಂತೆ ಕಾಣಲಿಲ್ಲ.

“ಒಂದೇ ಒಂದು ಸುತ್ತು ಕಣೆ. ಆ ನೀರಿನ ಟ್ಯಾಂಕಿನ ತನಕ. ಬಾಯಿ ಬಿಡಲ್ಲ, ಆಣೆ ಮಾಡ್ತೀನಿ. ನಾನಿದ್ದೀನಿ ಅಂತಲೇ ನಿಂಗೆ ಗೊತ್ತಾಗಲ್ಲ.”

ಔಷಧಿ ಅಂಗಡಿಯವಳು ಸ್ಟೀರಿಂಗ್ ಹಿಡಿದುಕೊಂಡು, ಕನ್ನಡಿಯಲ್ಲಿ ಒಮ್ಮೆ ಅಣ್ಣನನ್ನೂ ಪಕ್ಕದಲ್ಲಿ ಒಮ್ಮೆ ತಂಗಿಯನ್ನೂ ನೋಡಿದಳು. ತಂಗಿ ಹಿಂದಕ್ಕೆ ತಿರುಗಲಿಲ್ಲ.

“ಆಗಲ್ಲ ಅಣ್ಣ,” ಎಂದಳು. “ಇಳಿ.”